ಮನಸ್ಸನ್ನು ಅಳೆಯಬಹುದಾ, ಇಲ್ಲಾ ಬರೀ ನಡವಳಿಕೆಯನ್ನಾ? ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ಡಿಗ್ರಿ ಮಕ್ಕಳಿಗೆ ಸೈಕಾಲಜಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಹೊಸ ಬ್ಯಾಚ್ ಬಂದ ಮೊದಲ ವಾರ ಇವೇ ಪ್ರಶ್ನೆಗಳು ಬರುತ್ತವೆ. ಮಕ್ಕಳು ಕೇಳುತ್ತಾರೆ, ಅಡ್ಮಿಷನ್‌ಗೆ ಜೊತೆಗೆ ಬಂದ ಅಪ್ಪ ಅಮ್ಮ ಕೇಳುತ್ತಾರೆ. ಸಕಲೇಶಪುರದ ಬಸ್ಸಿನಲ್ಲಿ ಪಕ್ಕ ಕೂತವರೂ ಕೇಳಿದ್ದಾರೆ. ಒಳ್ಳೆಯ ಪ್ರಶ್ನೆಗಳು ಇವು. ಅದಕ್ಕೇ ಕೂತು ಬರೆದೆ.

ನೀವು ಸೈಕಾಲಜಿಯವರು. ನಾನೀಗ ಏನು ಯೋಚಿಸ್ತಿದೀನಿ ಹೇಳಿ ನೋಡೋಣ?

ಗೊತ್ತಿಲ್ಲ. ಎದುರಿಗೆ ಕೂತವರ ಮನಸ್ಸಿನಲ್ಲಿ ಇರುವುದನ್ನು ಹೇಳಿಬಿಡುವ ವಿದ್ಯೆ ಸೈಕಾಲಜಿಯಲ್ಲಿ ಇಲ್ಲ. ಮುಖ ನೋಡಿಯೇ ಎಲ್ಲಾ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ.

ಮನಸ್ಸು ಕಣ್ಣಿಗೇ ಕಾಣಲ್ಲ. ಕಾಣದ್ದನ್ನು ಓದೋದು ವಿಜ್ಞಾನ ಹೇಗಾಗುತ್ತೆ?

ಆಲೂರು, ಸಕಲೇಶಪುರದ ಕಡೆಯ ಕಾಫಿ ತೋಟದವರಿಗೆ ಇದಕ್ಕೆ ಉತ್ತರ ನನಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಎದ್ದು ತೋಟಕ್ಕೆ ಹೋಗುತ್ತಾರೆ. ಬೇಲಿ ಬಿದ್ದಿದೆ, ಬಾಳೆ ಮುರಿದಿದೆ, ಹಲಸಿನ ಮರದ ಕೆಳಗೆ ಲದ್ದಿ ಇದೆ. ಆನೆ ಬಂದಿದ್ದನ್ನು ಯಾರೂ ನೋಡಿಲ್ಲ. ಆದರೂ ಲದ್ದಿ ಇನ್ನೂ ಬಿಸಿ ಇದ್ದರೆ, ಆನೆ ಇಲ್ಲೇ ಹತ್ತಿರದಲ್ಲಿದೆ ಅಂತ ಕೆಲಸದವರನ್ನು ವಾಪಸ್ ಕಳಿಸುತ್ತಾರೆ. ಕೆಸರಿನಲ್ಲಿ ಮರಿಯ ಹೆಜ್ಜೆ ಕಂಡರೆ ಇನ್ನೂ ಹುಷಾರಾಗುತ್ತಾರೆ. ಮುಂಗಾಲಿನ ಹೆಜ್ಜೆಯ ಸುತ್ತಳತೆಯನ್ನು ಹಗ್ಗದಲ್ಲಿ ಹಿಡಿದು ಎರಡರಿಂದ ಗುಣಿಸಿದರೆ ಆನೆಯ ಭುಜದ ಎತ್ತರ ಹೆಚ್ಚು ಕಡಿಮೆ ಸಿಗುತ್ತದೆ. ಮಾವುತರಿಗೂ ಅರಣ್ಯ ಇಲಾಖೆಯವರಿಗೂ ಈ ಲೆಕ್ಕ ಗೊತ್ತು.

ಇಷ್ಟೆಲ್ಲಾ ಅಳೆದದ್ದು ಹೆಜ್ಜೆಯನ್ನು. ಹಾಗಂತ "ನಾವು ಹೆಜ್ಜೆ ಶಾಸ್ತ್ರ ಓದ್ತಿದೀವಿ, ಆನೆಗೂ ನಮಗೂ ಸಂಬಂಧ ಇಲ್ಲ" ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಸೈಕಾಲಜಿಯಲ್ಲಿ ನಡವಳಿಕೆಯೇ ಹೆಜ್ಜೆ. ಗುಂಡಿ ಒತ್ತಲು ಎಷ್ಟು ಹೊತ್ತು ಹಿಡಿಯಿತು, ಏನು ನೆನಪಿತ್ತು, ಎಲ್ಲಿ ತಪ್ಪಾಯಿತು, ಬಾಯಲ್ಲಿ ಏನು ಹೇಳಿದರು, ಇವನ್ನೇ ಬರೆದುಕೊಳ್ಳುತ್ತೇವೆ. ತಿಳಿಯಬೇಕಾಗಿರುವುದು ಮಾತ್ರ ಅದರ ಹಿಂದೆ ಇರುವುದನ್ನು.

ಆನೆಯನ್ನಾದ್ರೆ ಒಂದು ದಿನ ಕಣ್ಣಾರೆ ನೋಡಬಹುದು. ಮನಸ್ಸನ್ನು ಯಾವತ್ತೂ ನೋಡೋಕಾಗಲ್ಲವಲ್ಲ?

ಹೋದ ವರ್ಷ ಅರಸೀಕೆರೆ ಕಡೆಯ ಒಬ್ಬ ಹುಡುಗ ಇದನ್ನು ಕೇಳಿದ. ನನಗೆ ಖುಷಿಯಾಯಿತು. ನಿಜ, ಆನೆಯ ಹೋಲಿಕೆ ಅಷ್ಟು ದೂರ ಬರುವುದಿಲ್ಲ.

ಹಾಗಾದರೆ ಭೂಮಿಯ ಒಳಗನ್ನು ತಗೊಳ್ಳಿ. ಮನುಷ್ಯ ಕೊರೆದ ಅತಿ ಆಳದ ರಂಧ್ರ ರಷ್ಯಾದ ಕೋಲಾದಲ್ಲಿದೆ, ಅದು 12 ಕಿಲೋಮೀಟರ್ ಚಿಲ್ಲರೆ. ಭೂಮಿಯ ತಿರುಳು ಶುರುವಾಗುವುದೇ ಸುಮಾರು 2,900 ಕಿಲೋಮೀಟರ್ ಆಳದಲ್ಲಿ. ಅಲ್ಲಿಗೆ ಯಾರೂ ಹೋಗಿಲ್ಲ, ಹೋಗುವುದೂ ಇಲ್ಲ. ಆದರೂ ತಿರುಳಿನ ಒಳಗೆ ಇನ್ನೊಂದು ತಿರುಳಿದೆ ಅಂತ ಡೆನ್ಮಾರ್ಕ್‌ನ ಇಂಗೆ ಲೇಮನ್ 1936ರಲ್ಲಿ ಹೇಳಿದರು. ಅವರ ಕೈಯಲ್ಲಿ ಇದ್ದದ್ದು ಭೂಕಂಪದ ಅಲೆಗಳ ದಾಖಲೆ ಅಷ್ಟೇ. ಅಲೆ ಎಲ್ಲಿ ಹೊರಟಿತು, ಎಲ್ಲಿ ಎಷ್ಟು ಹೊತ್ತಿಗೆ ಬಂತು ಅನ್ನುವ ಲೆಕ್ಕ.

ಕಂಡಿದ್ದನ್ನು ಮಾತ್ರ ಹೇಳಬೇಕು ಅನ್ನುವ ನಿಯಮ ವಿಜ್ಞಾನದಲ್ಲಿ ಇಲ್ಲ. ಇರುವ ನಿಯಮ ಬೇರೆ. ಒಳಗೆ ಹೀಗಿದೆ ಅಂತ ನೀವು ಹೇಳಿದರೆ, ಹಾಗಿದ್ದರೆ ಹೊರಗೆ ಏನು ಕಾಣಬೇಕು ಅಂತಲೂ ಮೊದಲೇ ಹೇಳಬೇಕು. ಅದು ಕಾಣದೇ ಹೋದರೆ ತಪ್ಪಾಯಿತು ಅಂತ ಒಪ್ಪಬೇಕು.

ಹಾಗಿದ್ರೆ ಸೈಕಾಲಜಿ ಅಂದ್ರೆ ನಡವಳಿಕೆಯ ವಿಜ್ಞಾನ ಅಂತ ಯಾಕೆ ಹೇಳಿಕೊಡ್ತಾರೆ?

ಅದರ ಹಿಂದೆ ಒಂದು ಜಗಳ ಇದೆ.

1879ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಸೈಕಾಲಜಿಗೆ ಅಂತಲೇ ಪ್ರಯೋಗಾಲಯ ತೆರೆದರು. ಆಗಿನ ಒಂದು ಮುಖ್ಯ ದಾರಿ, ತರಬೇತಿ ಪಡೆದವರು ತಮ್ಮ ಅನುಭವವನ್ನು ತಾವೇ ಗಮನಿಸಿ ಹೇಳುವುದು. ಅಂತರವಲೋಕನ ಅಂತ ಅದಕ್ಕೆ ಹೆಸರು. ಆಮೇಲೆ ತೊಡಕು ಬಂತು. ಮನಸ್ಸಿನಲ್ಲಿ ಯಾವ ಚಿತ್ರವೂ ಇಲ್ಲದೆ ಯೋಚನೆ ಬರುತ್ತದಾ? ಜರ್ಮನಿಯ ವೂರ್ಟ್ಸ್‌ಬುರ್ಗ್‌ನ ಸಂಶೋಧಕರು ಬರುತ್ತದೆ ಅಂದರು. ಅಮೆರಿಕದಲ್ಲಿದ್ದ ಟಿಚನರ್ ಸಾಧ್ಯವಿಲ್ಲ ಅಂದರು. ಇಬ್ಬರೂ ತಮ್ಮ ತಮ್ಮ ಒಳಗೇ ನೋಡಿ ಹೇಳುತ್ತಿದ್ದರು. ಯಾರು ಸರಿ ಅಂತ ಮೂರನೆಯವರು ಹೇಗೆ ತೀರ್ಮಾನ ಮಾಡುವುದು?

1913ರಲ್ಲಿ ಅಮೆರಿಕದ ಜಾನ್ ವಾಟ್ಸನ್ ಈ ಗಂಟನ್ನು ಬಿಚ್ಚಲಿಲ್ಲ, ಕತ್ತರಿಸಿಬಿಟ್ಟರು. ಮನಸ್ಸಿನ ಮಾತೇ ಬೇಡ, ಎಲ್ಲರಿಗೂ ಕಾಣುವ ನಡವಳಿಕೆಯನ್ನಷ್ಟೇ ಓದೋಣ ಅಂದರು. ಈ ದಾರಿ ಹಿಡಿದವರಿಗೆ ವರ್ತನಾವಾದಿಗಳು ಅಂತ ಹೆಸರು. ಆಮೇಲೆ ಬಂದ ಸ್ಕಿನ್ನರ್ ಅದನ್ನು ಬೇರೆ ರೀತಿಯಲ್ಲಿ ಬೆಳೆಸಿದರು. ಒಂದು ಮಾತು ನ್ಯಾಯವಾಗಿ ಹೇಳಬೇಕು. ಯೋಚನೆ ಅನ್ನುವುದೇ ಸುಳ್ಳು ಅಂತ ಸ್ಕಿನ್ನರ್ ಹೇಳಲಿಲ್ಲ. ಅದೂ ಚರ್ಮದ ಒಳಗೆ ನಡೆಯುವ ಒಂದು ವರ್ತನೆ, ಬೇರೆ ವರ್ತನೆಗಳಿಗೆ ಅದನ್ನೇ ಕಾರಣ ಮಾಡಬೇಡಿ ಅಂದರು. ಪರೀಕ್ಷೆಯಲ್ಲಿ ಎಲ್ಲರೂ ಇದನ್ನು ತಪ್ಪು ಬರೆಯುತ್ತಾರೆ.

ನನ್ನ ಮನಸ್ಸು ನನಗೆ ಗೊತ್ತಿಲ್ವಾ? ನನ್ನನ್ನೇ ಕೇಳಿದರೆ ಮುಗೀತಲ್ಲ?

ನಿಮ್ಮನ್ನೂ ಕೇಳುತ್ತೇವೆ. ನೋವು ಎಷ್ಟಿದೆ ಅಂತ ನಿಮ್ಮನ್ನು ಬಿಟ್ಟು ಇನ್ಯಾರನ್ನು ಕೇಳೋದು? ಆದರೆ "ಯಾಕೆ ಹೀಗೆ ಮಾಡಿದಿರಿ" ಅಂತ ಕೇಳಿದಾಗ ನಾವು ಕೊಡುವ ಕಾರಣಗಳು ಎಷ್ಟೋ ಸಲ ಆಮೇಲೆ ಕಟ್ಟಿದವು.

1977ರಲ್ಲಿ ಪ್ರಕಟವಾದ ನಿಸ್‌ಬೆಟ್ ಮತ್ತು ವಿಲ್ಸನ್ ಅವರ ಬರಹದಲ್ಲಿ ಒಂದು ಪ್ರಯೋಗ ಬರುತ್ತದೆ. ಅಂಗಡಿಯಲ್ಲಿ ನಾಲ್ಕು ಜೊತೆ ಸ್ಟಾಕಿಂಗ್ಸ್ ಸಾಲಾಗಿ ಇಟ್ಟು, ಯಾವುದು ಚೆನ್ನಾಗಿದೆ ಅಂತ ಕೇಳಿದರು. ತುಂಬಾ ಜನ ಬಲಗಡೆ ಕೊನೆಯದನ್ನು ಆರಿಸಿದರು. ಯಾಕೆ ಅಂದರೆ ನೇಯ್ಗೆ ಚೆನ್ನಾಗಿದೆ ಅನ್ನುವಂಥ ಉತ್ತರಗಳು. ನಾಲ್ಕೂ ಒಂದೇ ಮಾಲು! ಇಟ್ಟ ಜಾಗ ಕಾರಣ ಇರಬಹುದಾ ಅಂದರೆ ಸುತಾರಾಂ ಒಪ್ಪಲಿಲ್ಲ. 2005ರಲ್ಲಿ ಸ್ವೀಡನ್ನಿನ ಯೊಹಾನ್ಸನ್, ಹಾಲ್ ಮತ್ತು ಸಂಗಡಿಗರು ಇನ್ನೊಂದು ಮಾಡಿದರು. ಎರಡು ಫೋಟೋದಲ್ಲಿ ಚಂದ ಕಂಡ ಮುಖ ಆರಿಸಿ ಅಂದರು. ಆಮೇಲೆ ಕೈಚಳಕದಲ್ಲಿ ಬದಲಾಯಿಸಿ, ಆರಿಸದೇ ಇದ್ದ ಫೋಟೋವನ್ನೇ ಕೈಗೆ ಕೊಟ್ಟರು. ಬಹುಪಾಲು ಸಲ ಜನಕ್ಕೆ ಗೊತ್ತೇ ಆಗಲಿಲ್ಲ. ಇದನ್ನು ಯಾಕೆ ಆರಿಸಿದೆ ಅಂತ ಕಾರಣವನ್ನೂ ಕೊಟ್ಟರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ನಮ್ಮ ಮನಸ್ಸಿನ ಕೆಲಸ ಬಹಳಷ್ಟು ನಮಗೂ ಕಾಣುವುದಿಲ್ಲ. ವಾಟ್ಸನ್ ಅವರ ಅನುಮಾನಕ್ಕೆ ಬುಡ ಇತ್ತು ಅನ್ನುವುದು ಇದಕ್ಕೇ.

ಹಾಗಾದ್ರೆ ವರ್ತನಾವಾದಿಗಳು ಎಡವಿದ್ದು ಎಲ್ಲಿ?

ಇಲಿಗಳ ಹತ್ತಿರ. 1930ರಲ್ಲಿ ಕ್ಯಾಲಿಫೋರ್ನಿಯಾದ ಟೋಲ್ಮನ್ ಮತ್ತು ಹಾನ್ಜಿಕ್ ಒಂದಷ್ಟು ಇಲಿಗಳನ್ನು ಹತ್ತು ದಿನ ದಾರಿಗಳ ಜಾಲದಲ್ಲಿ ಸುಮ್ನೆ ಓಡಾಡಲು ಬಿಟ್ಟರು. ಕೊನೆಯಲ್ಲಿ ತಿಂಡಿ ಇಲ್ಲ. ಅವು ಕಲಿತ ಹಾಗೇ ಕಾಣಲಿಲ್ಲ. ಹನ್ನೊಂದನೇ ದಿನ ತಿಂಡಿ ಇಟ್ಟರು. ಅದರ ಮರುದಿನವೇ ಅವು ಮೊದಲಿಂದ ತಿಂಡಿ ತಿಂದು ಕಲಿತ ಇಲಿಗಳಷ್ಟೇ ಚೆನ್ನಾಗಿ ದಾರಿ ಹಿಡಿದವು. ಅಂದರೆ ಹತ್ತು ದಿನವೂ ಒಳಗೆ ಕಲಿಕೆ ನಡೆದೇ ಇತ್ತು, ಹೊರಗೆ ಕಂಡಿರಲಿಲ್ಲ ಅಷ್ಟೇ. ಇಲಿಯ ತಲೆಯಲ್ಲಿ ದಾರಿಯ ನಕ್ಷೆ ಇದೆ ಅನ್ನದೆ ಇದನ್ನು ವಿವರಿಸುವುದು ಕಷ್ಟವಾಯಿತು.

ಆಮೇಲೆ ಭಾಷೆಯ ಪ್ರಶ್ನೆ ಬಂತು. ಮಕ್ಕಳು ಯಾವತ್ತೂ ಕೇಳದ ವಾಕ್ಯವನ್ನು ಆಡುತ್ತಾರೆ. ಬಹುಮಾನ ಮತ್ತು ಅಭ್ಯಾಸದಿಂದಷ್ಟೇ ಇದು ಬರುವುದಿಲ್ಲ ಅಂತ 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಸ್ಕಿನ್ನರ್‌ಗೆ ಉತ್ತರ ಬರೆದರು. ಅಲ್ಲಿಂದ ಗಾಳಿ ತಿರುಗಿತು.

ಸರಿ, ಮನಸ್ಸನ್ನು ಅಳೆದ ಒಂದು ಪ್ರಯೋಗ ತೋರಿಸಿ.

ಒಂದನ್ನು ಪ್ರತಿ ವರ್ಷ ಕ್ಲಾಸಿನಲ್ಲೇ ಮಾಡುತ್ತೇನೆ. ಬೋರ್ಡಿನ ಮೇಲೆ ಬಣ್ಣದ ಸೀಮೆಸುಣ್ಣದಲ್ಲಿ ಬಣ್ಣಗಳ ಹೆಸರು ಬರೆಯುತ್ತೇನೆ. "ಕೆಂಪು" ಅನ್ನುವ ಪದ ಹಸಿರು ಸೀಮೆಸುಣ್ಣದಲ್ಲಿ, "ಹಳದಿ" ಅನ್ನುವುದು ನೀಲಿಯಲ್ಲಿ, ಹೀಗೆ ಇಪ್ಪತ್ತು. ಪದ ಓದಬಾರದು, ಸೀಮೆಸುಣ್ಣದ ಬಣ್ಣ ಹೇಳಬೇಕು. ಮೊಬೈಲಿನಲ್ಲಿ ಟೈಮ್ ಹಿಡಿಯುವುದು. ಪಟಪಟ ಮಾತಾಡುವ ಹುಡುಗರೂ ಮೂರನೇ ಪದಕ್ಕೆ ತಡವರಿಸುತ್ತಾರೆ. "ಕೆಂ... ಅಲ್ಲ ಅಲ್ಲ, ಹಸಿರು!" ಕ್ಲಾಸೆಲ್ಲಾ ನಗು. 1935ರಲ್ಲಿ ಸ್ಟ್ರೂಪ್ ಮಾಡಿದ ಪ್ರಯೋಗ ಇದು.

ಒಂದು ವರ್ಷ ಒಬ್ಬ ಹುಡುಗಿ ಸ್ವಲ್ಪವೂ ತಡವರಿಸದೆ ಇಪ್ಪತ್ತೂ ಹೇಳಿಬಿಟ್ಟಳು. ಎಲ್ಲರೂ ಚಪ್ಪಾಳೆ ಹೊಡೆದರು. ಅವಳು ಮುಖ ಕೆಳಗೆ ಹಾಕಿದಳು. ಆಮೇಲೆ ಹತ್ತಿರ ಬಂದು ಮೆಲ್ಲಗೆ ಹೇಳಿದಳು, "ಮೇಡಂ, ನಂಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ." ಅವರಪ್ಪ ಅಮ್ಮ ತೋಟದ ಕೆಲಸಕ್ಕೆ ಹೊರ ರಾಜ್ಯದಿಂದ ಬಂದವರು, ಅವಳ ಶಾಲೆ ಅಲ್ಲೇ ಆಗಿತ್ತು. ಅವತ್ತಿನ ಅವಳ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಓದು ಬರುವವರಿಗೆ ಪದ ತಾನಾಗೇ ಓದಿಸಿಕೊಳ್ಳುತ್ತದೆ, ಬೇಡ ಅಂದರೂ ನಿಲ್ಲುವುದಿಲ್ಲ. ಅವಳಿಗೆ ಆ ಅಡ್ಡಿ ಇರಲಿಲ್ಲ. ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ವಿಷಯ ಕೆಲವು ಸೆಕೆಂಡುಗಳ ವ್ಯತ್ಯಾಸದಲ್ಲಿ ಹೊರಗೆ ಬಂತು. ಅವಳು ಕನ್ನಡ ಓದೋದು ಕಲಿತಳು ಅನ್ನಿ. ಮಾರನೇ ವರ್ಷ ಅದೇ ಬೋರ್ಡಿನ ಮುಂದೆ ಅವಳೂ ತಡವರಿಸಿದಳು, ಸಂತೋಷದಿಂದ.

ಸಮಯ ಹಿಡಿದು ಮನಸ್ಸಿನ ಕೆಲಸ ಅಳೆಯುವ ಈ ಉಪಾಯ ಹಳೆಯದು. 1868ರಲ್ಲೇ ನೆದರ್ಲೆಂಡ್ಸ್‌ನ ಡಾಂಡರ್ಸ್ ಒಂದು ಲೆಕ್ಕ ಹಾಕಿದ್ದರು. ದೀಪ ಕಂಡ ಕೂಡಲೇ ಗುಂಡಿ ಒತ್ತಲು ಇಷ್ಟು ಹೊತ್ತು. ಎರಡು ದೀಪದಲ್ಲಿ ಯಾವುದು ಅಂತ ನೋಡಿ ಸರಿಯಾದ ಗುಂಡಿ ಒತ್ತಲು ಇಷ್ಟು ಹೊತ್ತು. ಎರಡನೆಯದರಲ್ಲಿ ಮೊದಲನೆಯದನ್ನು ಕಳೆದರೆ, ಉಳಿದದ್ದು ತೀರ್ಮಾನ ಮಾಡಲು ಮನಸ್ಸು ತಗೊಂಡ ಹೊತ್ತು.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು 1971ರದ್ದು. ಶೆಪರ್ಡ್ ಮತ್ತು ಮೆಟ್ಜ್ಲರ್ ಇಟ್ಟಿಗೆ ಜೋಡಿಸಿದಂಥ ಎರಡು ಆಕಾರಗಳ ಚಿತ್ರ ತೋರಿಸಿ, ಎರಡೂ ಒಂದೇನಾ ಅಂತ ಕೇಳಿದರು. ಒಂದನ್ನು ತಿರುಗಿಸಿ ಇಟ್ಟಿರುತ್ತಿದ್ದರು. ಎಷ್ಟು ಡಿಗ್ರಿ ತಿರುಗಿಸಿದೆಯೋ ಅದಕ್ಕೆ ತಕ್ಕ ಹಾಗೆ ಉತ್ತರಕ್ಕೆ ಹಿಡಿಯುವ ಹೊತ್ತು ಜಾಸ್ತಿಯಾಯಿತು. ಗ್ರಾಫ್ ಹಾಕಿದರೆ ಸ್ಕೇಲ್ ಇಟ್ಟು ಎಳೆದಂಥ ನೇರ ಗೆರೆ! ಸೆಕೆಂಡಿಗೆ ಸುಮಾರು 60 ಡಿಗ್ರಿ. ಜನ ಮನಸ್ಸಿನೊಳಗೆ ಆ ಆಕಾರವನ್ನು ನಿಜವಾಗಿಯೂ ತಿರುಗಿಸುತ್ತಿದ್ದ ಹಾಗಿತ್ತು. ಕಣ್ಣಿಗೆ ಕಾಣದ ಒಂದು ಕೆಲಸಕ್ಕೆ ವೇಗ ಸಿಕ್ಕಿತು. ಹೊರಗೆ ಕಂಡದ್ದು ಬರೀ ಕೈ ಕದಲಿದ್ದು.

ಈಗ ಬ್ರೈನ್ ಸ್ಕ್ಯಾನ್ ಇದೆಯಲ್ಲ. ಅದರಲ್ಲಿ ಮನಸ್ಸು ನೇರವಾಗಿ ಕಾಣುತ್ತಾ?

ಇಲ್ಲ. ಪತ್ರಿಕೆಯಲ್ಲಿ ಬರುವ ಬಣ್ಣದ ಮೆದುಳಿನ ಚಿತ್ರ ನೋಡಿ ಹಾಗನ್ನಿಸುತ್ತದೆ. ಫಂಕ್ಷನಲ್ ಎಂಆರ್‌ಐ ತೋರಿಸುವುದು ಮೆದುಳಿನ ಯಾವ ಭಾಗದಲ್ಲಿ ರಕ್ತದ ಆಮ್ಲಜನಕ ಎಷ್ಟು ಬದಲಾಯಿತು ಅನ್ನುವುದನ್ನು. ಅದೂ ಒಂದು ಹೆಜ್ಜೆ ಗುರುತೇ. ಆ ಬದಲಾವಣೆಯ ಅರ್ಥ ತಿಳಿಯಬೇಕಾದರೆ, ಆ ಹೊತ್ತಲ್ಲಿ ಆ ವ್ಯಕ್ತಿ ಏನು ಮಾಡುತ್ತಿದ್ದ, ಅವನಿಗೆ ಏನನ್ನಿಸಿತು ಅಂತ ಮೊದಲು ಗೊತ್ತಿರಬೇಕು.

ಆದರೆ ಈ ಯಂತ್ರ ಒಂದು ದೊಡ್ಡ ಕೆಲಸ ಮಾಡಿದೆ. 2006ರಲ್ಲಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು, ರಸ್ತೆ ಅಪಘಾತವಾಗಿ ತಿಂಗಳುಗಟ್ಟಲೆ ಅರಿವಿಲ್ಲದೆ ಮಲಗಿದ್ದ 23 ವರ್ಷದ ಹುಡುಗಿಯ ವಿಷಯ ಪ್ರಕಟಿಸಿದರು. ಕಣ್ಣು ಬಿಡುತ್ತಿದ್ದಳು, ಯಾವುದಕ್ಕೂ ಪ್ರತಿಕ್ರಿಯೆ ಇಲ್ಲ. ಸ್ಕ್ಯಾನರ್ ಒಳಗೆ ಮಲಗಿಸಿ, ಟೆನಿಸ್ ಆಡುತ್ತಿದ್ದೀಯ ಅಂತ ಕಲ್ಪಿಸಿಕೋ ಅಂದರು. ನಿನ್ನ ಮನೆಯ ಒಂದೊಂದು ಕೋಣೆಗೂ ಹೋಗ್ತಿದೀಯ ಅಂತ ಕಲ್ಪಿಸಿಕೋ ಅಂದರು. ಎರಡು ಸಲವೂ ಆರೋಗ್ಯವಂತರ ಮೆದುಳಿನಲ್ಲಿ ಬರುವಂಥದೇ ಬದಲಾವಣೆ, ಅದೇ ಜಾಗಗಳಲ್ಲಿ ಬಂತು. ಒಂದು ಬೆರಳೂ ಅಲ್ಲಾಡಿರಲಿಲ್ಲ. 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 54 ರೋಗಿಗಳನ್ನು ನೋಡಿದಾಗ ಐದು ಜನ ಹೀಗೆ ಸ್ಪಂದಿಸಿದರು. ಒಬ್ಬರು ಟೆನಿಸ್ ಅಂದರೆ ಹೌದು, ಮನೆ ಅಂದರೆ ಇಲ್ಲ ಅಂತ ಇಟ್ಟುಕೊಂಡು ಪ್ರಶ್ನೆಗಳಿಗೆ ಉತ್ತರವನ್ನೂ ಕೊಟ್ಟರು.

ಈ ಪಾಠ ಮಾಡುವಾಗ ಪ್ರತಿ ಸಲವೂ ನನ್ನ ಗಂಟಲು ಕಟ್ಟುತ್ತದೆ. ನಡವಳಿಕೆ ಇಲ್ಲದಿದ್ದರೆ ಓದುವುದಕ್ಕೆ ಏನೂ ಇಲ್ಲ ಅಂತ ನಿಂತುಬಿಟ್ಟಿದ್ದರೆ, ಆ ಹಾಸಿಗೆಯ ಮೇಲೆ ಒಬ್ಬರು ಇದ್ದಾರೆ ಅಂತಲೇ ಗೊತ್ತಾಗುತ್ತಿರಲಿಲ್ಲ.

ನಡವಳಿಕೆ ಸರಿಹೋದರೆ ಸಾಕಲ್ವಾ? ಮನಸ್ಸಿನ ಗೊಡವೆ ಯಾಕೆ?

ಆಲೂರಿನ ಹತ್ತಿರ ನನ್ನ ಚಿಕ್ಕಪ್ಪನ ತೋಟ ಇದೆ. ಒಂದು ಸಂಜೆ ಮಂಜು ಇಳಿದಿತ್ತು. ಮೋಟರ್ ಆಫ್ ಮಾಡಲು ಹೋದವರಿಗೆ ಹತ್ತು ಮಾರು ದೂರದಲ್ಲಿ ಆನೆ ಎದುರಾಯಿತು. ಅದು ತಿರುಗಿ ಹೋಯಿತು, ಏನೂ ಆಗಲಿಲ್ಲ. ಅವತ್ತಿನಿಂದ ಚಿಕ್ಕಪ್ಪ ತೋಟಕ್ಕೆ ಇಳಿಯಲಿಲ್ಲ. "ಭಯ ಗಿಯ ಏನಿಲ್ಲ ಕಣವ್ವ, ಮಂಡಿ ನೋವು" ಅನ್ನುತ್ತಿದ್ದರು.

ಅವರ ಮಗ ದಿನಾ ಸ್ವಲ್ಪ ಸ್ವಲ್ಪ ದೂರ ಜೊತೆಯಲ್ಲಿ ಕರೆದುಕೊಂಡು ಹೋದ. ಮೊದಲು ಕಣದವರೆಗೆ, ಆಮೇಲೆ ಗೇಟಿನವರೆಗೆ. ಈ ಉಪಾಯಕ್ಕೆ ವರ್ತನಾವಾದಿಗಳಿಗೇ ಕೃತಜ್ಞತೆ ಹೇಳಬೇಕು. 1924ರಲ್ಲಿ ಮೇರಿ ಕವರ್ ಜೋನ್ಸ್ ಮೊಲಕ್ಕೆ ಹೆದರುತ್ತಿದ್ದ ಒಂದು ಮಗುವಿನ ಭಯವನ್ನು ಹೀಗೇ ಬಿಡಿಸಿದ್ದರು. ಇಷ್ಟವಾದ ತಿಂಡಿ ಕೊಡುತ್ತಾ ಮೊಲವನ್ನು ದಿನಾ ಸ್ವಲ್ಪ ಹತ್ತಿರ ತಂದಿದ್ದರು. ನಾಲ್ಕು ತಿಂಗಳಲ್ಲಿ ಚಿಕ್ಕಪ್ಪ ಒಬ್ಬರೇ ತೋಟ ಸುತ್ತಿ ಬಂದರು. ಮನೆಯವರೆಲ್ಲಾ ಸರಿಹೋಯಿತು ಅಂದುಕೊಂಡೆವು. ನಡವಳಿಕೆಯನ್ನಷ್ಟೇ ಬರೆದುಕೊಂಡಿದ್ದರೆ ನಾನೂ "ಗುಣವಾಗಿದೆ" ಅಂತ ಬರೆಯುತ್ತಿದ್ದೆ.

ಹಬ್ಬಕ್ಕೆ ಹೋದಾಗ ಒಂದು ರಾತ್ರಿ ಎಚ್ಚರವಾಯಿತು. ಚಿಕ್ಕಪ್ಪ ಕತ್ತಲಲ್ಲಿ ಜಗುಲಿಯ ಮೇಲೆ ಕೂತಿದ್ದರು. ಟಾರ್ಚ್ ತೊಡೆಯ ಮೇಲಿತ್ತು. "ಕಣ್ಣು ಮುಚ್ಚಿದ್ರೆ ಆ ಮಂಜು ಬತ್ತದೆ ಕಣವ್ವ" ಅಂದರು. ಆನೆಗೆ ಹೆದರುವುದು ಕಾಯಿಲೆ ಅಲ್ಲ. ಆಲೂರಿನಲ್ಲಿ ಹೆದರದವರೇ ಅಪಾಯದಲ್ಲಿ ಇರುವವರು. ಆದರೆ ಆರು ತಿಂಗಳು ನಿದ್ದೆ ಇಲ್ಲದಿರುವುದು ಬೇರೆ ಮಾತು. ಹಾಸನದಲ್ಲಿ ಒಬ್ಬ ಮನೋವೈದ್ಯರಿಗೆ ತೋರಿಸಿದೆವು. ಅವರು ನಿದ್ದೆ, ಕನಸು, ಮತ್ತೆ ಮತ್ತೆ ಬರುವ ಆ ಚಿತ್ರ, ಎಲ್ಲಾ ಕೇಳಿದರು. ಚಿಕಿತ್ಸೆ ಅದಕ್ಕೂ ಆಯಿತು. ಈಗ ಬೇಗ ಮಲಗುತ್ತಾರೆ.

ನಿಮ್ಮ ಮನೆಯಲ್ಲೂ ಹೀಗೆ ಯಾರಾದರೂ ಇದ್ದರೆ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿ. ಸರ್ಕಾರದ್ದು, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಸೈಕಾಲಜಿಯ ಎಷ್ಟೋ ಪ್ರಯೋಗಗಳು ಎರಡನೇ ಸಲ ಮಾಡಿದರೆ ಹಾಗೆ ಬರೋದೇ ಇಲ್ವಂತೆ?

ನಿಜ, ಮುಚ್ಚಿಡುವುದಿಲ್ಲ. 2015ರಲ್ಲಿ ಸಂಶೋಧಕರ ಒಂದು ದೊಡ್ಡ ಗುಂಪು 100 ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿತು. ಸ್ಪಷ್ಟ ಫಲಿತಾಂಶ ಬಂದದ್ದು ಶೇಕಡಾ 36ರಲ್ಲಿ ಮಾತ್ರ. ಕಡಿಮೆ ಜನರ ಮೇಲೆ ಪ್ರಯೋಗ ಮಾಡಿದ್ದು, ಚೆನ್ನಾಗಿ ಬಂದದ್ದನ್ನು ಮಾತ್ರ ಪ್ರಕಟಿಸಿದ್ದು ಇದಕ್ಕೆ ಮುಖ್ಯ ಕಾರಣ. ಈಗ ತುಂಬಾ ಜನ ಏನು ಮಾಡುತ್ತೇವೆ ಅಂತ ಪ್ರಯೋಗಕ್ಕೆ ಮೊದಲೇ ಬರೆದು ನೋಂದಾಯಿಸುತ್ತಾರೆ. ಸ್ಟ್ರೂಪ್ ಪ್ರಯೋಗ ಮಾತ್ರ ಯಾವ ಊರಲ್ಲಿ ಮಾಡಿದರೂ ಬರುತ್ತದೆ.

ನಮ್ಮ ಕಡೆ ಈ ಓದು ಯಾವಾಗ ಶುರುವಾಯ್ತು?

ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಮನಃಶಾಸ್ತ್ರ ವಿಭಾಗ ಕಟ್ಟಿದರು. ಲಂಡನ್ನಿನಲ್ಲಿ ಓದಿ ಬಂದವರು. 1935ರಲ್ಲಿ ತಮ್ಮ ಮನೆಯಿಂದಲೇ "ಆಕಾಶವಾಣಿ" ಅನ್ನುವ ರೇಡಿಯೋ ಶುರು ಮಾಡಿದವರೂ ಅವರೇ.

ನನಗೆ ಕಾಣೋ ಕೆಂಪು, ನಿಮಗೆ ಕಾಣೋ ಕೆಂಪು ಒಂದೇನಾ?

ಇಲ್ಲಿಗೆ ಬಂದರೆ ನಾನು ನಿಲ್ಲುತ್ತೇನೆ. ಚಿಕ್ಕಮಗಳೂರು, ಹಾಸನದಲ್ಲಿ ಕಾಫಿ ಟೇಸ್ಟ್ ಮಾಡುವವರು ಚಮಚದಲ್ಲಿ ಜೋರಾಗಿ ಹೀರಿ, ಬಾಯೆಲ್ಲಾ ಆಡಿಸಿ ಉಗುಳಿ ಅಂಕ ಹಾಕುತ್ತಾರೆ. ಯಾವ ಲೋಟ ಯಾವ ತೋಟದ್ದು ಅಂತ ಗೊತ್ತಿಲ್ಲದೆ, ಬೇರೆ ಬೇರೆ ಕೂತು ಹಾಕಿದ ಅಂಕಗಳು ಹೊಂದಿಕೆಯಾದರೆ ಅದು ಗಟ್ಟಿ ಅಳತೆ. ಯಾವುದು ಹುಳಿ ಜಾಸ್ತಿ, ಯಾವುದಕ್ಕೆ ಯಾವುದು ಹತ್ತಿರ, ಇವೆಲ್ಲಾ ಅನುಭವದ ಅಳತೆಗಳೇ. ಆದರೆ ಆ ಹುಳಿ ಅವರ ನಾಲಿಗೆಗೆ ಹೇಗನ್ನಿಸಿತು ಅನ್ನುವುದು, ಅದೇ ಆಗಿ, ನನ್ನ ಕೈಗೆ ಸಿಗುವುದಿಲ್ಲ. ಅನುಭವಗಳ ನಡುವಿನ ಸಂಬಂಧ ಅಳೆಯಬಹುದು. ಅನುಭವವನ್ನೇ ತೆಗೆದು ತಕ್ಕಡಿಗೆ ಹಾಕಲು ಇವತ್ತಿನವರೆಗೂ ದಾರಿ ಸಿಕ್ಕಿಲ್ಲ.

ಮನೇಲೇ ಏನಾದ್ರೂ ಮಾಡಿ ನೋಡಬಹುದಾ?

ಖಂಡಿತ. ಹಾಸನದಲ್ಲಿ ಆಲೂಗಡ್ಡೆಗೇನು ಬರ? ಒಂದು ಕವರಿನಲ್ಲಿ 200 ಗ್ರಾಂ, ಇನ್ನೊಂದರಲ್ಲಿ 2 ಕಿಲೋ ತೂಗಿ ಹಾಕಿ. ಮನೆಯವರ ಕಣ್ಣಿಗೆ ಬಟ್ಟೆ ಕಟ್ಟಿ. ಸಣ್ಣ ಕವರನ್ನು ಕೈಗೆ ಕೊಟ್ಟು, ವಾಪಸ್ ತಗೊಂಡು, ಸುಮಾರು 20 ಗ್ರಾಮಿನ ಒಂದು ಪುಟ್ಟ ಗಡ್ಡೆ ಸೇರಿಸಿ ಮತ್ತೆ ಕೊಡಿ. ಎಷ್ಟೋ ಜನಕ್ಕೆ ಭಾರ ಜಾಸ್ತಿಯಾದದ್ದು ಗೊತ್ತಾಗುತ್ತದೆ. ಅದೇ ಗಡ್ಡೆಯನ್ನು ದೊಡ್ಡ ಕವರಿಗೆ ಹಾಕಿದರೆ ಗೊತ್ತಾಗುವುದು ಬಹಳ ಕಷ್ಟ. ತಕ್ಕಡಿಗೆ ಎರಡೂ ಕಡೆ 20 ಗ್ರಾಮೇ. ಕೈಗೆ ಹಾಗಲ್ಲ, ಮೊದಲಿದ್ದ ತೂಕದ ಎಷ್ಟನೇ ಪಾಲು ಜಾಸ್ತಿಯಾಯಿತು ಅನ್ನುವುದೇ ಲೆಕ್ಕ. 1834ರಲ್ಲಿ ವೇಬರ್ ಇದನ್ನು ಬರೆದರು.

ಒಂದೇ ಸಲ ಮಾಡಿ ನಿಲ್ಲಿಸಬೇಡಿ. ಇಪ್ಪತ್ತು ಸಲ ಮಾಡಿ, ನಡುನಡುವೆ ಏನೂ ಸೇರಿಸದೆಯೂ ಕೊಡಿ. ಯಾವಾಗ ಸೇರಿಸಬೇಕು ಅನ್ನುವುದನ್ನು ನಾಣ್ಯ ಚಿಮ್ಮಿ ತೀರ್ಮಾನ ಮಾಡಿ. ಇಲ್ಲದಿದ್ದರೆ ನಿಮ್ಮ ದನಿಯಲ್ಲೇ ಅವರಿಗೆ ಗೊತ್ತಾಗಿಬಿಡುತ್ತದೆ.